ಮತಪತ್ರ ಕೇಳದೇ ಬಿಟ್ಟ ಪ್ರಶ್ನೆ

2016ರ ಜೂನ್ 23ರ ಗುರುವಾರ ಬ್ರಿಟನ್ನಿನ ಮತದಾರರ ಕೈಗೆ ಬಂದ ಮತಪತ್ರದಲ್ಲಿ ಒಂದು ಪ್ರಶ್ನೆಯಿತ್ತು, ಎರಡು ಚೌಕಗಳಿದ್ದವು. ದೇಶ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೋ, ಒಕ್ಕೂಟವನ್ನು ಬಿಡಬೇಕೋ? ನೂರಕ್ಕೆ 72 ಮಂದಿ ಮತಗಟ್ಟೆಗೆ ಹೋದರು. 1 ಕೋಟಿ 74 ಲಕ್ಷ ಜನ ಬಿಡೋಣ ಎಂದರು, 1 ಕೋಟಿ 61 ಲಕ್ಷ ಜನ ಉಳಿಯೋಣ ಎಂದರು. ಶೇಕಡಾ ಲೆಕ್ಕದಲ್ಲಿ 51.9 ಮತ್ತು 48.1. ಮರುದಿನ ಬೆಳಿಗ್ಗೆ ಪ್ರಧಾನಿ ಡೇವಿಡ್ ಕ್ಯಾಮರಾನ್ ರಾಜೀನಾಮೆ ಘೋಷಿಸಿದರು. ಬ್ರಿಟನ್ ನಿಜಕ್ಕೂ ಹೊರಬಂದದ್ದು 2020ರ ಜನವರಿ 31ರ ರಾತ್ರಿ. ಅಷ್ಟರೊಳಗೆ ಎರಡು ಮಹಾಚುನಾವಣೆಗಳು ಆಗಿಹೋಗಿದ್ದವು, ಇನ್ನೊಬ್ಬ ಪ್ರಧಾನಿಯೂ ಕುರ್ಚಿ ಬಿಟ್ಟಿದ್ದರು. ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಯಾಕೆ ಮುಗಿಯಲಿಲ್ಲ ಎಂದು ಕೇಳಿದರೆ ಅಲ್ಲಿ ಎರಡು ಉತ್ತರಗಳು ಸಿಗುತ್ತವೆ. ಗೆದ್ದವರ ಪ್ರಕಾರ, ಸೋತವರು ಸೋಲನ್ನು ಒಪ್ಪಿಕೊಳ್ಳಲಿಲ್ಲ. ಸೋತವರ ಪ್ರಕಾರ, ಗೆದ್ದವರು ಸುಳ್ಳು ಹೇಳಿ ಗೆದ್ದರು. ಎರಡರಲ್ಲೂ ನಿಜದ ಅಂಶವಿದೆ, ಆದರೆ ಯಾವುದೂ ಬೇರಿನವರೆಗೆ ಹೋಗುವುದಿಲ್ಲ. ನನಗೆ ಕಾಣುವ ಕಾರಣ ಇನ್ನೂ ಸರಳ. ‘ಉಳಿಯುವುದು’ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ‘ಬಿಡುವುದು’ ಎಂಬ ಒಂದು ಮಾತಿನೊಳಗೆ ಒಂದಕ್ಕೊಂದು ಹೊಂದದ ಹಲವು ದಾರಿಗಳು ಅಡಗಿದ್ದವು. ಈ ಮನೆ ಬಿಡುತ್ತೀರಾ ಎಂದು ಜನರನ್ನು ಕೇಳಿದರು. ಯಾವ ಮನೆಗೆ ಹೋಗುತ್ತೀರಿ ಎಂದು ಕೇಳಲಿಲ್ಲ.

ಈ ದಾರಿಗಳು ಯಾವುವು ಎಂದು ತಿಳಿಯಲು ಒಕ್ಕೂಟದ ವ್ಯಾಪಾರ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದರಲ್ಲಿ ಒಂದರ ಮೇಲೊಂದು ಕಟ್ಟಿದ ಎರಡು ಅಂತಸ್ತುಗಳಿವೆ. ಮೊದಲನೆಯದು ಸುಂಕ ಒಕ್ಕೂಟ. ಸದಸ್ಯ ದೇಶಗಳ ನಡುವೆ ಸುಂಕದ ಕಟ್ಟೆ ಇರುವುದಿಲ್ಲ, ಹೊರಗಿನ ಸರಕಿಗೆ ಎಲ್ಲರೂ ಒಂದೇ ದರ ಹಾಕುತ್ತಾರೆ. ಹಾಗಾಗಿ ಯಾವ ಸದಸ್ಯನೂ ಹೊರಗಿನವರೊಡನೆ ತಾನೊಬ್ಬನೇ ಸುಂಕದ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಎರಡನೆಯದು ಏಕ ಮಾರುಕಟ್ಟೆ. ಇಲ್ಲಿ ಮಾತು ಸುಂಕದ್ದಲ್ಲ, ನಿಯಮಗಳದ್ದು. ಔಷಧಿಯ ಗುಣಮಟ್ಟ, ಆಟಿಕೆಯ ಬಣ್ಣ, ಕಸಾಯಿಖಾನೆಯ ಶುಚಿತ್ವ, ದಂತವೈದ್ಯರ ಪದವಿ ಎಲ್ಲಕ್ಕೂ ಸಮಾನ ಅಥವಾ ಪರಸ್ಪರ ಒಪ್ಪಿದ ನಿಯಮ. ಸರಕು, ಸೇವೆ, ಬಂಡವಾಳ, ಜನ ಈ ನಾಲ್ಕೂ ಗಡಿ ದಾಟಿ ಸರಾಗವಾಗಿ ಹರಿಯಬೇಕೆಂಬುದು ಅದರ ತಳಹದಿ. ಈ ಎರಡನೆಯ ಅಂತಸ್ತನ್ನು ಕಟ್ಟಿದವರಲ್ಲಿ ಬ್ರಿಟಿಷರೇ ಮುಂದಿದ್ದರು. ಮಾರ್ಗರೆಟ್ ಥ್ಯಾಚರ್ ಸರ್ಕಾರ 1986ರಲ್ಲಿ ಅದಕ್ಕೆ ಸಹಿ ಹಾಕಿತು. ಥ್ಯಾಚರ್ ಕಳಿಸಿದ ಲಾರ್ಡ್ ಕಾಕ್‌ಫೀಲ್ಡ್ ಬ್ರಸೆಲ್ಸ್‌ನಲ್ಲಿ ಕುಳಿತು ಅದರ ನಕ್ಷೆ ಬರೆದರು. 1988ರ ಏಪ್ರಿಲ್‌ನಲ್ಲಿ ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್‌ನಲ್ಲಿ ಉದ್ಯಮಿಗಳ ಮುಂದೆ ಥ್ಯಾಚರ್ ಈ ಮಾರುಕಟ್ಟೆಯನ್ನು ಮನಸಾರೆ ಹೊಗಳಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಲ್ಜಿಯಂನ ಬ್ರೂಜ್ ಪಟ್ಟಣಕ್ಕೆ ಹೋಗಿ, ಐರೋಪ್ಯ ಕೇಂದ್ರದ ಅಧಿಕಾರ ಬೆಳೆಯುವುದನ್ನು ಅಷ್ಟೇ ಮನಸಾರೆ ಖಂಡಿಸಿದರು. ಮಾರುಕಟ್ಟೆ ಬೇಕು, ಅದನ್ನು ನಡೆಸುವ ಯಜಮಾನಿಕೆ ಬೇಡ ಎಂಬ ಈ ದ್ವಂದ್ವ ಆಮೇಲೆ ಮೂವತ್ತು ವರ್ಷ ಅವರ ಪಕ್ಷವನ್ನು ಸೀಳುತ್ತಲೇ ಹೋಯಿತು.

ಒಕ್ಕೂಟದ ಹೊರಗಿರುವವರೆಲ್ಲ ಒಂದೇ ಬಗೆಯಲ್ಲಿ ಹೊರಗಿಲ್ಲ. ನಾರ್ವೆ ಏಕ ಮಾರುಕಟ್ಟೆಯ ಒಳಗಿದೆ, ಸುಂಕ ಒಕ್ಕೂಟದ ಹೊರಗಿದೆ. ನಿಯಮಗಳನ್ನು ಪಾಲಿಸಬೇಕು, ಹಣ ಕೊಡಬೇಕು, ಜನರಿಗೆ ಬಾಗಿಲು ತೆರೆದಿರಬೇಕು, ನಿಯಮ ಮಾಡುವಾಗ ಮಾತ್ರ ಮತವಿಲ್ಲ. ಟರ್ಕಿಯದು ಅದಕ್ಕೆ ತದ್ವಿರುದ್ಧ: ಕೈಗಾರಿಕಾ ಸರಕುಗಳ ಮಟ್ಟಿಗೆ ಸುಂಕ ಒಕ್ಕೂಟವುಂಟು, ಏಕ ಮಾರುಕಟ್ಟೆಯಿಲ್ಲ. ಸ್ವಿಟ್ಜರ್ಲೆಂಡ್ ನೂರಕ್ಕೂ ಹೆಚ್ಚು ಬಿಡಿ ಒಪ್ಪಂದಗಳಿಂದ ನಡುವೆ ಎಲ್ಲೋ ನಿಂತಿದೆ. ಕೆನಡಾಕ್ಕೆ ಒಂದು ಮುಕ್ತ ವ್ಯಾಪಾರ ಒಪ್ಪಂದ, ಅಷ್ಟೆ. ಇನ್ನು ಯಾವ ಒಪ್ಪಂದವೂ ಇಲ್ಲದೆ ವಿಶ್ವ ವ್ಯಾಪಾರ ಸಂಸ್ಥೆಯ ಸಾಮಾನ್ಯ ನಿಯಮಗಳ ಮೇಲೆ ವ್ಯಾಪಾರ ಮಾಡುವುದು ಕೊನೆಯ ದಾರಿ. 2016ರ ಮತಪತ್ರದ ‘ಬಿಡು’ ಚೌಕದಲ್ಲಿ ಇವೆಲ್ಲವೂ ಸೇರಿದ್ದವು. ಇವುಗಳಲ್ಲಿ ಒಂದನ್ನು ಆರಿಸಿದವರು ಇನ್ನೊಂದನ್ನು ಉಳಿಯುವುದಕ್ಕಿಂತಲೂ ಕೆಟ್ಟದ್ದೆಂದು ತಿಳಿದಿರುವ ಸಾಧ್ಯತೆ ಪೂರಾ ಇತ್ತು.

ಆ ಸಾಧ್ಯತೆ ಊಹೆಯದಲ್ಲ. ಲಿಂಕನ್‌ಶೈರ್‌ನ ಬಾಸ್ಟನ್ ಪಟ್ಟಣದ ಸುತ್ತ ಕೋಸು, ಆಲೂಗಡ್ಡೆ ಬೆಳೆಯುವ ಹೊಲಗಳಿವೆ. 2004ರ ನಂತರ ಪೂರ್ವ ಯುರೋಪಿನಿಂದ ಕೂಲಿಗಾಗಿ ಬಂದವರು ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆಲೆಸಿದರು. ಅಲ್ಲಿ ಶೇ 75.6ರಷ್ಟು ಮತ ಬಿಡುವುದಕ್ಕೆ ಬಿತ್ತು. ಇಡೀ ದೇಶದಲ್ಲಿ ಅದೇ ಅತಿ ಹೆಚ್ಚು. ಅವರಿಗೆ ಬೇಕಿದ್ದುದು ವಲಸೆ ತಗ್ಗುವುದು. ಅದೇ ಪ್ರಚಾರದಲ್ಲಿ ನಿರ್ಗಮನದ ಪರವಿದ್ದ ರಾಜಕಾರಣಿ ಪ್ರೀತಿ ಪಟೇಲ್, ಯುರೋಪಿನವರಿಗೆ ಬಾಗಿಲು ಮುಚ್ಚಿದರೆ ದಕ್ಷಿಣ ಏಷ್ಯಾದ ಬಾಣಸಿಗರಿಗೆ ದಾರಿಯಾಗುತ್ತದೆ, ಕರಿ ಹೋಟೆಲುಗಳು ಬದುಕುತ್ತವೆ ಎಂದು ಮತ ಕೇಳಿದರು. ಕಡಿಮೆ ವಲಸೆ ಬೇಕೆಂದವರೂ ಬೇರೆ ಕಡೆಯ ವಲಸೆ ಬೇಕೆಂದವರೂ ಒಂದೇ ಚೌಕಕ್ಕೆ ಗುರುತು ಹಾಕಿದರು. ವ್ಯಾಪಾರದ ವಿಷಯವೂ ಹಾಗೆಯೇ. ಒಕ್ಕೂಟ ರಕ್ಷಣಾ ಗೋಡೆ ಕಟ್ಟಿಕೊಂಡು ಕೂತಿದೆ, ಜಗತ್ತಿಗೆಲ್ಲ ಬಾಗಿಲು ತೆರೆಯಬೇಕು ಎಂದವರು ಆ ಪಾಳಯದಲ್ಲಿದ್ದರು. ಜಾಗತೀಕರಣದಿಂದ ಕಾರ್ಖಾನೆ ಕಳೆದುಕೊಂಡು ಗೋಡೆ ಇನ್ನೂ ಎತ್ತರವಾಗಲಿ ಎಂದವರೂ ಅಲ್ಲೇ ಇದ್ದರು. ಇವರಲ್ಲಿ ಯಾರನ್ನೂ ದಡ್ಡರೆನ್ನುವ ಹಕ್ಕು ನಮಗಿಲ್ಲ. ನಮ್ಮನ್ನಾಳುವ ಕಾನೂನು ಮಾಡುವವರನ್ನು ಮತ ಹಾಕಿ ಕೆಳಗಿಳಿಸುವ ಶಕ್ತಿ ನಮ್ಮ ಕೈಯಲ್ಲಿರಬೇಕು ಎಂಬ ಬೇಡಿಕೆ ಘನವಾದದ್ದು. ವಸಾಹತು ಆಳ್ವಿಕೆ ಕಂಡ ನಾಡಿನ ಓದುಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಂದರೆ ಇದ್ದುದು ಅವರ ಆಸೆಗಳಲ್ಲಲ್ಲ, ಆ ಆಸೆಗಳನ್ನೆಲ್ಲ ಒಟ್ಟು ಕೂಡಿಸಿ ಒಂದೇ ಸಂಖ್ಯೆಯಾಗಿ ಓದಿದ್ದರಲ್ಲಿ.

ಈ ನಡುವೆ ಕನ್ನಡಿಗರಿಗೆ ಸಂಬಂಧಿಸಿದ ಒಂದು ಸಂಗತಿ. ಬ್ರಿಟನ್ನಿನ ಸಂಸತ್ ಭವನಕ್ಕೆ ಎದುರಾಗಿ ನದಿಯ ಆಚೆ ದಂಡೆಯಲ್ಲಿ, 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ನಿಂತಿರುವುದು ಲಂಡನ್ನಿನ ಲ್ಯಾಂಬೆತ್ ಪ್ರದೇಶದಲ್ಲಿ. ಅಲ್ಲಿ ಶೇ 78.6ರಷ್ಟು ಜನ ಉಳಿಯೋಣ ಎಂದರು; ಜಿಬ್ರಾಲ್ಟರ್ ಬಿಟ್ಟರೆ ಎಲ್ಲೂ ಅಷ್ಟು ಬೀಳಲಿಲ್ಲ. ಬಾಸ್ಟನ್ನಿಗೂ ಲ್ಯಾಂಬೆತ್‌ಗೂ ಕೆಲವೇ ಗಂಟೆಗಳ ಪ್ರಯಾಣ. ಬ್ರಿಟನ್ನಿನಲ್ಲಿ ನೆಲೆಸಿ ಮತದಾರರ ಪಟ್ಟಿಯಲ್ಲಿದ್ದ ಭಾರತೀಯ ಪ್ರಜೆಗಳಿಗೆ, ಅವರಲ್ಲಿ ಕನ್ನಡಿಗರಿಗೂ, ಕಾಮನ್‌ವೆಲ್ತ್ ಪ್ರಜೆಗಳೆಂಬ ಕಾರಣಕ್ಕೆ ಈ ಜನಮತಗಣನೆಯಲ್ಲಿ ಮತ ಹಾಕುವ ಹಕ್ಕಿತ್ತು. ಹತ್ತು ವರ್ಷ ಅಲ್ಲೇ ದುಡಿದು ತೆರಿಗೆ ಕಟ್ಟಿದ ಪೋಲೆಂಡ್ ಪ್ರಜೆಗೆ ಇರಲಿಲ್ಲ. ಹದಿನಾರು, ಹದಿನೇಳರ ಹುಡುಗ ಹುಡುಗಿಯರು 2014ರಲ್ಲಿ ಸ್ಕಾಟ್ಲೆಂಡ್‌ನ ಸ್ವಾತಂತ್ರ್ಯದ ಪ್ರಶ್ನೆಗೆ ಮತ ಹಾಕಿದ್ದರು. ಇಲ್ಲಿ ಅವರನ್ನೂ ಹೊರಗಿಟ್ಟರು. ಪಟ್ಟಿಯಲ್ಲಿ ಯಾರಿರಬೇಕು ಎಂಬುದನ್ನು ಯಾವುದೇ ಸಂಸತ್ತು ಎಲ್ಲೋ ಒಂದು ಕಡೆ ಗೆರೆ ಎಳೆದು ತೀರ್ಮಾನಿಸಲೇಬೇಕು, ಅದು ಸರಿ. ಆದರೆ ನೂರಕ್ಕೆ ನಾಲ್ಕು ಮತಗಳಿಗಿಂತ ಕಡಿಮೆ ಅಂತರದ ತೀರ್ಪನ್ನು ‘ಜನರ ಇಚ್ಛೆ’ ಎಂದು ಕರೆದು ಮುಂದಿನ ಎಲ್ಲ ಚರ್ಚೆಗೂ ಬೀಗ ಹಾಕುವವರು ಈ ಗೆರೆಗಳನ್ನು ನೆನಪಿನಲ್ಲಿಡಬೇಕಿತ್ತು.

ಹೋಗಬೇಕಾದ ಜಾಗ ತೀರ್ಮಾನವಾಗಿರಲಿಲ್ಲ ಎಂಬುದಕ್ಕೆ ಬಲವಾದ ಸಾಕ್ಷಿ 2019ರಲ್ಲಿ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ. ಪ್ರಧಾನಿ ತೆರೇಸಾ ಮೇ ಎರಡು ವರ್ಷ ಹೆಣಗಾಡಿ ತಂದ 585 ಪುಟಗಳ ನಿರ್ಗಮನ ಒಪ್ಪಂದ ಜನವರಿ 15ರಂದು 202ಕ್ಕೆ 432 ಮತಗಳಿಂದ ಬಿದ್ದುಹೋಯಿತು. ಆಧುನಿಕ ಬ್ರಿಟನ್ನಿನಲ್ಲಿ ಯಾವ ಸರ್ಕಾರವೂ ಅಷ್ಟು ದೊಡ್ಡ ಅಂತರದಿಂದ ಸೋತಿರಲಿಲ್ಲ. ಆ 432 ಮಂದಿ ಯಾರು ಎಂದು ನೋಡಬೇಕು. ಒಪ್ಪಂದ ಒಕ್ಕೂಟಕ್ಕೆ ತೀರಾ ಹತ್ತಿರವಾಯಿತು ಎಂದು ವಿರೋಧಿಸಿದ ಕಟ್ಟಾ ನಿರ್ಗಮನವಾದಿಗಳೂ ತೀರಾ ದೂರವಾಯಿತು ಎಂದು ವಿರೋಧಿಸಿದವರೂ ಒಂದೇ ಬಾಗಿಲಿನಿಂದ ಹೋಗಿ ಒಂದೇ ಕಡೆ ಮತ ಹಾಕಿದರು. ಮಾರ್ಚ್ 12ರಂದು 149 ಮತಗಳಿಂದ, 29ರಂದು 58 ಮತಗಳಿಂದ ಅದು ಮತ್ತೆ ಸೋತಿತು. ನಡುವೆ ಮಾರ್ಚ್ 27ರಂದು ಸದಸ್ಯರು ಸರ್ಕಾರವನ್ನು ಬದಿಗಿಟ್ಟು ತಾವೇ ಎಂಟು ದಾರಿಗಳನ್ನು ಮುಂದಿಟ್ಟುಕೊಂಡರು. ಎಂಟಕ್ಕೆ ಎಂಟೂ ಬಿದ್ದವು. ಏಪ್ರಿಲ್ 1ರಂದು ನಾಲ್ಕನ್ನು ಮತ್ತೆ ಮತಕ್ಕೆ ಹಾಕಿದರು. ಸುಂಕ ಒಕ್ಕೂಟದಲ್ಲಿ ಇರೋಣ ಎಂಬ ಗೊತ್ತುವಳಿ 273ಕ್ಕೆ 276ರಂತೆ, ಮೂರೇ ಮತಗಳಿಂದ ಸೋತಿತು. ಒಪ್ಪಂದವನ್ನು ಜನರ ಮುಂದೆ ಮತ್ತೆ ಇಡೋಣ ಎಂಬುದು ಹನ್ನೆರಡು ಮತಗಳಿಂದ ಸೋತಿತು. ಯಾವುದಕ್ಕೂ ಬಹುಮತವಿಲ್ಲ, ಪ್ರತಿಯೊಂದರ ವಿರುದ್ಧವೂ ಬಹುಮತವಿದೆ. ಹದಿನೆಂಟನೆಯ ಶತಮಾನದ ಫ್ರೆಂಚ್ ಚಿಂತಕ ಕಾಂಡಾರ್ಸೆ ಇಂಥ ಬಿಕ್ಕಟ್ಟನ್ನು ಗಣಿತದಿಂದ ತೋರಿಸಿಕೊಟ್ಟಿದ್ದ: ಮೂರು ಆಯ್ಕೆಗಳಿರುವಾಗ ಮೊದಲನೆಯದು ಎರಡನೆಯದನ್ನೂ, ಎರಡನೆಯದು ಮೂರನೆಯದನ್ನೂ, ಮೂರನೆಯದು ಮತ್ತೆ ಮೊದಲನೆಯದನ್ನೂ ಬಹುಮತದಿಂದ ಸೋಲಿಸುವುದು ಸಾಧ್ಯ. ಆಗ ಬಹುಮತ ಏನು ಹೇಳುತ್ತದೆ ಎಂಬುದು ಯಾವ ಎರಡನ್ನು ಎದುರುಬದುರು ನಿಲ್ಲಿಸಿ ಕೇಳಿದಿರಿ ಎಂಬುದರ ಮೇಲೆ ನಿಲ್ಲುತ್ತದೆ. 2016ರಲ್ಲಿ ಒಂದು ಕಡೆ ನಿಜವಾದ ಒಂದು ವ್ಯವಸ್ಥೆಯನ್ನೂ, ಇನ್ನೊಂದು ಕಡೆ ಅದರ ಹೊರಗಿನ ಎಲ್ಲವನ್ನೂ ನಿಲ್ಲಿಸಿ ಕೇಳಿದ್ದರು.

ಐರ್ಲೆಂಡಿನ ಗಡಿ ಈ ಅಸ್ಪಷ್ಟತೆಯ ಬೆಲೆಯನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿತು. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್‌ಗೂ ಒಕ್ಕೂಟದ ಸದಸ್ಯನಾದ ಐರಿಷ್ ಗಣರಾಜ್ಯಕ್ಕೂ ನಡುವೆ ಸುಮಾರು 500 ಕಿಲೋಮೀಟರ್ ಗಡಿ, ದಾಟಲು ಇನ್ನೂರಕ್ಕೂ ಹೆಚ್ಚು ದಾರಿಗಳು. ಮೂವತ್ತು ವರ್ಷಗಳಲ್ಲಿ 3,500ಕ್ಕೂ ಹೆಚ್ಚು ಜೀವ ತೆಗೆದ ಕಲಹಕ್ಕೆ 1998ರ ಶುಭ ಶುಕ್ರವಾರದ ಒಪ್ಪಂದ ತೆರೆ ಎಳೆದ ಮೇಲೆ ಅಲ್ಲಿನ ಸೇನಾ ಠಾಣ್ಯಗಳು ಮರೆಯಾದವು. ಏಕ ಮಾರುಕಟ್ಟೆಯಿಂದಾಗಿ ಸುಂಕದ ಕಟ್ಟೆಗಳು ಅದಕ್ಕೂ ಮೊದಲೇ ಹೋಗಿದ್ದವು. ಬ್ರಿಟನ್ ಎರಡೂ ಅಂತಸ್ತುಗಳಿಂದ ಇಳಿಯುವುದಾದರೆ ತಪಾಸಣೆ ಎಲ್ಲಾದರೂ ಆಗಲೇಬೇಕು: ಈ ಗಡಿಯಲ್ಲಿ, ಇಲ್ಲವೇ ಐರಿಷ್ ಸಮುದ್ರದಲ್ಲಿ. ಗಡಿಯಲ್ಲಿ ಮಾಡಿದರೆ ಶಾಂತಿಗೆ ಅಪಾಯ. ಸಮುದ್ರದಲ್ಲಿ ಮಾಡಿದರೆ ದೇಶದ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವ ಸರಕನ್ನೇ ತಡೆದು ನೋಡಿದಂತೆ. ಮೇ ನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ ಎರಡನೆಯದನ್ನು ಆರಿಸಿದರು. ನಿರ್ಗಮನವನ್ನು ಬೆಂಬಲಿಸಿದ್ದ ಡೆಮಾಕ್ರಟಿಕ್ ಯೂನಿಯನಿಸ್ಟ್ ಪಕ್ಷವೇ ಇದರಿಂದ ಕೆರಳಿತು. 2022ರ ಫೆಬ್ರವರಿಯಿಂದ ಎರಡು ವರ್ಷ ಉತ್ತರ ಐರ್ಲೆಂಡ್‌ನ ಸರ್ಕಾರವೇ ನಡೆಯಲಿಲ್ಲ. 2023ರಲ್ಲಿ ಒಕ್ಕೂಟದೊಡನೆ ಆದ ವಿಂಡ್ಸರ್ ಚೌಕಟ್ಟು ಎಂಬ ಒಪ್ಪಂದ ತಪಾಸಣೆಯನ್ನು ಹಗುರಗೊಳಿಸಿತು, ಇಲ್ಲವಾಗಿಸಲಿಲ್ಲ. ಉತ್ತರ ಐರ್ಲೆಂಡ್‌ನ ಶೇ 55.8 ಮತದಾರರು ಉಳಿಯೋಣ ಎಂದಿದ್ದರು ಎಂಬುದೂ ಇಲ್ಲಿ ನೆನಪಿರಲಿ.

ಜನರಿಗೆ ತಾವು ಏನು ಮಾಡುತ್ತಿದ್ದೇವೆಂದು ಚೆನ್ನಾಗಿ ಗೊತ್ತಿತ್ತು, ಏಕ ಮಾರುಕಟ್ಟೆಯನ್ನೂ ಬಿಡಬೇಕಾಗುತ್ತದೆ ಎಂದು ಎರಡೂ ಕಡೆಯ ನಾಯಕರು ಪ್ರಚಾರದಲ್ಲೇ ಹೇಳಿದ್ದರು ಎಂಬ ಆಕ್ಷೇಪವಿದೆ. ಕ್ಯಾಮರಾನ್ ಹಾಗೆ ಹೇಳಿದ್ದು ನಿಜ, ಬಿಡುವ ಪಾಳಯದ ಮೈಕಲ್ ಗೋವ್ ಹೇಳಿದ್ದೂ ನಿಜ. ಆದರೆ ನಾರ್ವೆಯ ಹಾದಿಯನ್ನು ಹೊಗಳಿದ ನಿರ್ಗಮನವಾದಿಗಳೂ ಇದ್ದರು. ಅದಕ್ಕಿಂತ ಮುಖ್ಯವಾಗಿ, ಪ್ರಚಾರದಲ್ಲಿ ಯಾರು ಹೇಳಿದ್ದನ್ನು ನಂಬಬೇಕೆಂದು ತಿಳಿಸುವ ಅಧಿಕೃತ ಕಾಗದ ಯಾವುದೂ ಇರಲಿಲ್ಲ. ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗುತ್ತಿದೆ ಎಂದು ಕೆಂಪು ಬಸ್ಸಿನ ಮೇಲೆ ಬರೆದರು; 1984ರಲ್ಲಿ ಥ್ಯಾಚರ್ ಗಳಿಸಿದ ರಿಯಾಯಿತಿಯನ್ನು ಕಳೆಯದ ಈ ಲೆಕ್ಕ ದಾರಿ ತಪ್ಪಿಸುವಂಥದ್ದು ಎಂದು ದೇಶದ ಅಂಕಿಅಂಶ ಪ್ರಾಧಿಕಾರ ಎಚ್ಚರಿಸಿತು. ಅತ್ತ ಖಜಾನೆ ಇಲಾಖೆ, ಬಿಡುವ ತೀರ್ಪು ಬಂದರೆ ತಕ್ಷಣ ಆರ್ಥಿಕ ಹಿಂಜರಿತ ಬರುತ್ತದೆ ಎಂದಿತು. ಅದು ಬರಲಿಲ್ಲ. ಎರಡೂ ಕಡೆಯವರು ಜನರಿಗೆ ಕೊಟ್ಟದ್ದು ತೂಗಿ ನೋಡಲಾಗದ ಸಂಖ್ಯೆಗಳನ್ನು. ಎರಡು ವರ್ಷ ಮೊದಲು ಸ್ಕಾಟ್ಲೆಂಡ್‌ನಲ್ಲಿ ಹೀಗಿರಲಿಲ್ಲ. ಸ್ವಾತಂತ್ರ್ಯ ಕೇಳಿದ ಸರ್ಕಾರ ಆರುನೂರಕ್ಕೂ ಹೆಚ್ಚು ಪುಟಗಳ ಪುಸ್ತಕದಲ್ಲಿ ನಾಣ್ಯ, ಪಿಂಚಣಿ, ಗಡಿ ಎಲ್ಲದರ ಬಗ್ಗೆ ತನ್ನ ಯೋಜನೆ ಬರೆದು ಮುಂದಿಟ್ಟಿತ್ತು. ಜನ ಅದನ್ನು ಓದಿ, ಜಗ್ಗಾಡಿ, ಕೊನೆಗೆ ಬೇಡ ಎಂದರು. 2016ರಲ್ಲಾದರೋ ಪ್ರಶ್ನೆ ಕೇಳಿದ ಸರ್ಕಾರಕ್ಕೆ ಒಂದು ಉತ್ತರ ಬೇಡವೇ ಆಗಿತ್ತು. ಆ ಉತ್ತರ ಬಂದರೆ ಏನು ಮಾಡಬೇಕೆಂಬ ಸಿದ್ಧತೆಗೂ ಅದು ಅಧಿಕಾರಿಗಳನ್ನು ಬಿಡಲಿಲ್ಲ. ಸಂಸತ್ತಿನ ವಿದೇಶಾಂಗ ಸಮಿತಿ ಆ ಜುಲೈನಲ್ಲಿ ಇದನ್ನು ಘೋರ ನಿರ್ಲಕ್ಷ್ಯ ಎಂದು ಕರೆಯಿತು. ಆ ಮಾತು ಹೆಚ್ಚಾಯಿತೆಂದು ನನಗೆ ಅನ್ನಿಸುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಬಿಡುತ್ತೇವೆಂದು ಅಧಿಕೃತವಾಗಿ ತಿಳಿಸುವವರೆಗೆ ಒಕ್ಕೂಟ ಮಾತುಕತೆಗೇ ಕೂರುವುದಿಲ್ಲ ಎಂದಿತ್ತು; ಹಾಗಿರುವಾಗ ಪೂರ್ತಿ ನಕ್ಷೆ ತೋರಿಸಿ ಮತ ಕೇಳಿ ಎನ್ನುವುದು ಬದಲಾವಣೆಯನ್ನೇ ಅಸಾಧ್ಯವಾಗಿಸುವ ತಂತ್ರವಲ್ಲವೇ? ಅಲ್ಲ, ಏಕೆಂದರೆ ಎರಡು ಹಂತಗಳಲ್ಲಿ ಕೇಳುವ ದಾರಿ ತೆರೆದೇ ಇತ್ತು. ನ್ಯೂಜಿಲೆಂಡ್ ತನ್ನ ಚುನಾವಣಾ ಪದ್ಧತಿ ಬದಲಿಸಿದ್ದು ಹಾಗೆ. 1992ರಲ್ಲಿ, ಈಗಿನ ಪದ್ಧತಿ ಸಾಕೇ, ಬೇಡವಾದರೆ ಈ ನಾಲ್ಕರಲ್ಲಿ ಯಾವುದು ಎಂದು ಕೇಳಿದರು. ಬದಲಾವಣೆ ಬೇಕೆಂದವರು ಶೇ 84.7. ಗೆದ್ದ ಪದ್ಧತಿಯನ್ನು ಸಂಸತ್ತು ಪೂರ್ಣ ಕಾಯ್ದೆಯಾಗಿ ಬರೆದ ಮೇಲೆ, 1993ರಲ್ಲಿ ಆ ಕಾಯ್ದೆಯನ್ನೂ ಹಳೆಯ ಪದ್ಧತಿಯನ್ನೂ ಎದುರಿಟ್ಟು ಮತ್ತೆ ಕೇಳಿದರು. ಆಗ ಬೆಂಬಲ ಶೇ 53.9ಕ್ಕೆ ಇಳಿದಿತ್ತು, ಆದರೂ ಗೆದ್ದಿತು. ಬ್ರಿಟನ್ನಿನ ಶೇ 51.9ರಿಂದ ಹೆಚ್ಚೇನೂ ದೂರವಿಲ್ಲದ ಅಂಕಿ. ಸೋತವರು ಮಾತ್ರ ತಮಗೆ ಏನೆಂದು ಗೊತ್ತಿದ್ದ ಒಂದು ಕಾಯ್ದೆಗೆ ಸೋತಿದ್ದರು. 2011ರಲ್ಲಿ ಕೇಳಿದಾಗ ಅದೇ ಪದ್ಧತಿ ಇರಲಿ ಎಂದವರು ಶೇ 57.8. ಬ್ರಿಟನ್ನಿನ ನೆರೆಯ ಐರ್ಲೆಂಡ್‌ನಲ್ಲೂ 2018ರಲ್ಲಿ ಗರ್ಭಪಾತ ನಿಷೇಧದ ತಿದ್ದುಪಡಿಯನ್ನು ತೆಗೆಯುವ ಮುನ್ನ, ಅದರ ಜಾಗದಲ್ಲಿ ಬರಲಿರುವ ಕಾಯ್ದೆಯ ರೂಪರೇಖೆಯನ್ನು ಸರ್ಕಾರ ಪ್ರಕಟಿಸಿತ್ತು. 1975ರಲ್ಲಿ ಬ್ರಿಟನ್ನೇ ಮಾಡಿದ ಜನಮತಗಣನೆಯಲ್ಲೂ ಪ್ರಧಾನಿ ಹೆರಾಲ್ಡ್ ವಿಲ್ಸನ್ ಮೊದಲು ಷರತ್ತುಗಳನ್ನು ತಿದ್ದಿಸಿ ತಂದು, ಆಮೇಲೆ ಇವುಗಳೊಂದಿಗೆ ಉಳಿಯೋಣವೇ ಎಂದು ಕೇಳಿದ್ದರು.

ಜನಮತಗಣನೆಯ ನಂತರವೂ ದಾರಿ ಮುಚ್ಚಿರಲಿಲ್ಲ. 2016ರ ಜೂನ್‌ನಿಂದ, ನಿರ್ಗಮನದ ನೋಟಿಸ್ ಕೊಟ್ಟ 2017ರ ಮಾರ್ಚ್ 29ರವರೆಗೆ ಒಂಬತ್ತು ತಿಂಗಳು ಕೈಯಲ್ಲಿದ್ದವು. ಆ ಅವಧಿಯಲ್ಲಿ ಸಂಸತ್ತು ಗುರಿಯನ್ನು ಚರ್ಚಿಸಿ ಆರಿಸಬಹುದಿತ್ತು. ಬದಲಿಗೆ ತೆರೇಸಾ ಮೇ ಜನವರಿಯಲ್ಲಿ ಅದೇ ಲ್ಯಾಂಕಾಸ್ಟರ್ ಹೌಸ್‌ನಲ್ಲಿ ನಿಂತು, ಏಕ ಮಾರುಕಟ್ಟೆಯಿಂದ ಹೊರಗೆ, ಸುಂಕ ಒಕ್ಕೂಟದಿಂದಲೂ ಹೆಚ್ಚುಕಡಿಮೆ ಹೊರಗೆ ಎಂದು ಘೋಷಿಸಿದರು. ಸಂಸತ್ತಿನ ಒಪ್ಪಿಗೆಯಿಲ್ಲದೆ ನೋಟಿಸ್ ಕೊಡುವಂತಿಲ್ಲ ಎಂದ ಮೂವರು ನ್ಯಾಯಾಧೀಶರನ್ನು ಒಂದು ಪತ್ರಿಕೆ ಮುಖಪುಟದಲ್ಲಿ ‘ಜನರ ಶತ್ರುಗಳು’ ಎಂದು ಬರೆಯಿತು. ಕೊನೆಗೆ ಸರ್ವೋಚ್ಚ ನ್ಯಾಯಾಲಯವೂ 8–3ರಿಂದ ಅದೇ ತೀರ್ಪು ಕೊಟ್ಟಾಗ, ಕಾಮನ್ಸ್ ಸಭೆ ನೋಟಿಸ್ ಮಸೂದೆಗೆ 498–114 ಮತಗಳಿಂದ ಸಮ್ಮತಿಸಿತು. ಎಲ್ಲಿಗೆ ಹೋಗುವುದೆಂದು ಗೊತ್ತುಮಾಡದೆ, ನೋಟಿಸ್‌ನೊಂದಿಗೆ ಶುರುವಾಗುವ ಎರಡು ವರ್ಷದ ಗಡುವಿನ ಗಡಿಯಾರಕ್ಕೆ ಕೀಲಿ ಕೊಟ್ಟ ಆ ಮತವೇ ಇಡೀ ಪ್ರಕರಣದ ಅತಿ ದೊಡ್ಡ ತಪ್ಪು ಎಂದು ನಾನು ತಿಳಿದಿದ್ದೇನೆ. ಉಳಿಯುವ ಪಕ್ಷದವರೂ ನಿರ್ದೋಷಿಗಳಲ್ಲ. 2019ರ ಏಪ್ರಿಲ್‌ನಲ್ಲಿ ಸುಂಕ ಒಕ್ಕೂಟದ ಗೊತ್ತುವಳಿ ಮೂರು ಮತಗಳಿಂದ ಬಿದ್ದಾಗ, ಮರು ಜನಮತಗಣನೆ ಬಿಟ್ಟು ಬೇರೇನೂ ಬೇಡವೆಂದ ಹಲವರು ಅದನ್ನು ಬೆಂಬಲಿಸಿರಲಿಲ್ಲ. ಪೂರ್ತಿ ಗೆಲುವಿಗೆ ಕಾದು ಸಿಗಬಹುದಾಗಿದ್ದ ಅರ್ಧವನ್ನೂ ಅವರು ಕಳೆದುಕೊಂಡರು.

2019ರ ಡಿಸೆಂಬರ್ ಚುನಾವಣೆಯೇ ಎರಡನೆಯ ತೀರ್ಪಾಗಲಿಲ್ಲವೇ ಎಂದು ಕೇಳಬಹುದು. ಕಾನೂನಿನ ದೃಷ್ಟಿಯಲ್ಲಿ ಹೌದು. ಜಾನ್ಸನ್ 80 ಸ್ಥಾನಗಳ ಬಹುಮತ ಪಡೆದರು, ಹೊರಬರುವ ಅಧಿಕಾರ ಅವರಿಗೆ ಸಂಪೂರ್ಣವಾಗಿ ಇತ್ತು. ಆದರೆ ಅವರ ಪಕ್ಷಕ್ಕೆ ಬಿದ್ದ ಮತ ಶೇ 43.6, ಮರು ಜನಮತಗಣನೆ ಬೇಕೆಂದ ಪಕ್ಷಗಳ ಮತ ಕೂಡಿಸಿದರೆ ಅರ್ಧಕ್ಕಿಂತ ತುಸು ಹೆಚ್ಚು. ನಮ್ಮಂತೆಯೇ ಒಂದು ಕ್ಷೇತ್ರಕ್ಕೆ ಒಬ್ಬ ಗೆಲ್ಲುವ ಪದ್ಧತಿ ಅಲ್ಲಿಯದು. ಸರ್ಕಾರ ಆರಿಸಲು ಅದು ಯೋಗ್ಯ. ಒಂದು ಪ್ರಶ್ನೆಗೆ ದೇಶದ ಮನಸ್ಸು ಏನೆಂದು ತಿಳಿಯಲು ಅದನ್ನು ಅಳತೆಗೋಲು ಮಾಡಲಾಗದು.

2021ರ ಜನವರಿ 1ರಿಂದ ಒಕ್ಕೂಟದೊಡನೆ ಹೊಸ ವ್ಯಾಪಾರ ಒಪ್ಪಂದ ಜಾರಿಗೆ ಬಂತು. ಸುಂಕವಿಲ್ಲ, ಆದರೆ ಸರಕು ಎಲ್ಲಿ ತಯಾರಾಯಿತೆಂಬ ದಾಖಲೆ, ಕಸ್ಟಮ್ಸ್ ಘೋಷಣೆ, ಮಾಂಸ ಮೀನುಗಳಿಗೆ ಪಶುವೈದ್ಯರ ಪ್ರಮಾಣಪತ್ರ. ದೊಡ್ಡ ಕಂಪನಿಗಳು ಇದಕ್ಕೆಂದೇ ವಿಭಾಗ ತೆರೆದವು. ಸ್ಕಾಟ್ಲೆಂಡ್‌ನ ಸಣ್ಣ ಮೀನು ವ್ಯಾಪಾರಿಗಳದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಕಥೆಯಾಯಿತು. ಒಕ್ಕೂಟದಲ್ಲಿ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ದೇಶದ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ 4ರಷ್ಟು, ಆಮದು ರಫ್ತು ಶೇ 15ರಷ್ಟು ಕಡಿಮೆಯಾಗುತ್ತದೆ ಎಂಬುದು ಸರ್ಕಾರಕ್ಕೆ ಹಣಕಾಸು ಮುನ್ನೋಟ ಕೊಡುವ ಸ್ವತಂತ್ರ ಕಚೇರಿಯ ಅಂದಾಜು. ಕೈಗೆ ಬಂದ ಸ್ವಾತಂತ್ರ್ಯವೂ ಸುಳ್ಳಲ್ಲ: 2025ರ ಜುಲೈ 24ರಂದು ಭಾರತದೊಡನೆ ಸಹಿಯಾದ ಮುಕ್ತ ವ್ಯಾಪಾರ ಒಪ್ಪಂದ, ಒಕ್ಕೂಟದ ಒಳಗಿದ್ದರೆ ಬ್ರಿಟನ್ ತಾನಾಗಿ ಮಾಡಿಕೊಳ್ಳಲಾಗದಿದ್ದದ್ದು. ಇನ್ನು ವಲಸೆ ತಗ್ಗಲಿ ಎಂದ ಬಾಸ್ಟನ್ನಿಗೆ ಸಿಕ್ಕಿದ್ದೇನು? 2023ರ ಜೂನ್‌ಗೆ ಕೊನೆಗೊಂಡ ವರ್ಷದಲ್ಲಿ ದೇಶಕ್ಕೆ ಬಂದವರ ನಿವ್ವಳ ಸಂಖ್ಯೆ ಒಂಬತ್ತು ಲಕ್ಷ ದಾಟಿತು, ಅವರಲ್ಲಿ ಭಾರತೀಯರು ದೊಡ್ಡ ಪಾಲು. ಒಕ್ಕೂಟ ಬಿಟ್ಟದ್ದು ತಪ್ಪಾಯಿತು ಎನ್ನುವವರೇ ಈಗ ಸಮೀಕ್ಷೆಗಳಲ್ಲಿ ಹೆಚ್ಚು. ಹಾಗೆಂದು ಮತ್ತೆ ಸೇರುವ ಪ್ರಶ್ನೆಯನ್ನೂ ಅದೇ ಎರಡು ಚೌಕಗಳಲ್ಲಿ ಕೇಳಿದರೆ ಅದೇ ತಪ್ಪನ್ನು ತಿರುವಿ ಹಾಕಿದಂತಾಗುತ್ತದೆ. ಯಾವ ಷರತ್ತಿಗೆ, ಯಾವ ನಾಣ್ಯದೊಂದಿಗೆ, ಎಷ್ಟು ಹಣ ಕೊಟ್ಟು ಎಂಬುದು ಮೊದಲು ಕಾಗದದ ಮೇಲೆ ಬರಬೇಕು.

2025ರ ಮೇ 19ರಂದು ಬ್ರಿಟನ್ ಮತ್ತು ಒಕ್ಕೂಟದ ನಾಯಕರು ಲಂಡನ್ನಿನಲ್ಲಿ ಸೇರಿದರು. ಬ್ರಿಟನ್ನಿನ ಸಮುದ್ರದಲ್ಲಿ ಯುರೋಪಿನ ದೋಣಿಗಳು ಮೀನು ಹಿಡಿಯುವ ಅವಕಾಶವನ್ನು 2038ರವರೆಗೆ ಮುಂದುವರಿಸಿದರು. ಆಹಾರ ಪದಾರ್ಥಗಳ ತಪಾಸಣೆ ಕಡಿಮೆ ಮಾಡಲು ಬ್ರಿಟನ್ ಆ ಬಾಬತ್ತಿನಲ್ಲಿ ಒಕ್ಕೂಟದ ನಿಯಮಗಳನ್ನೇ ಅನುಸರಿಸುವ ಒಪ್ಪಂದಕ್ಕೆ ಮಾತುಕತೆ ನಡೆಸೋಣ ಎಂದರು. 2016ರ ಮತಪತ್ರದಲ್ಲಿ ಇಲ್ಲದಿದ್ದ ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಅವರು ಕುಳಿತಿದ್ದು, ಥ್ಯಾಚರ್ ಏಕ ಮಾರುಕಟ್ಟೆಯನ್ನು ಹೊಗಳಿದ, ಮೇ ಅದನ್ನು ಬಿಡುತ್ತೇವೆಂದು ಸಾರಿದ ಲ್ಯಾಂಕಾಸ್ಟರ್ ಹೌಸ್‌ನಲ್ಲಿ.